ಲಿವರ್ ರೋಗಿಯ ಹೊಟ್ಟೆನೀರಿನಲ್ಲಿ ಅಪರೂಪದ ಬ್ಯಾಕ್ಟೀರಿಯಾ: ಹಿಡಿಯುವುದು ಹೇಗೆ, ಹಿಡಿದ ಮೇಲೆ ಏನು ಮಾಡಬೇಕು

ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ) ಇರುವ ಒಬ್ಬ ರೋಗಿ. ಹೊಟ್ಟೆಯಲ್ಲಿ ನೀರು ತುಂಬಿದೆ. ಎರಡು ದಿನದಿಂದ ಸಣ್ಣ ಜ್ವರ, ಮಾತಿನಲ್ಲಿ ಸ್ವಲ್ಪ ತಡವರಿಕೆ. ನೀರು ತೆಗೆದು ನೋಡಿದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್ ಕಣಗಳು 250ರ ಗಡಿ ದಾಟಿವೆ. ಸೆಫೊಟಾಕ್ಸಿಮ್ ಎಂಬ ಆಂಟಿಬಯೋಟಿಕ್ ಶುರು ಮಾಡುತ್ತಾರೆ. ಅದು ಸರಿಯಾದ ಕೆಲಸವೇ. ಆದರೆ 48 ಗಂಟೆ ಕಳೆದರೂ ಜ್ವರ ಇಳಿದಿಲ್ಲ, ಕಣಗಳೂ ಇಳಿದಿಲ್ಲ. ಅಷ್ಟರಲ್ಲಿ ಲ್ಯಾಬಿನಿಂದ ಫೋನ್ ಬರುತ್ತದೆ: "ಬಾಟಲಿಯಲ್ಲಿ ಗ್ರಾಮ್ ಪಾಸಿಟಿವ್ ಕಡ್ಡಿಗಳು ಕಾಣಿಸ್ತಿವೆ. ಚರ್ಮದಿಂದ ಸೇರಿಕೊಂಡಿದ್ದು ಅನ್ಸುತ್ತೆ."

ಆ ಕೊನೆಯ ಮಾತನ್ನು ನಂಬಿ ಸುಮ್ನೆ ಕೂತರೆ ರೋಗಿ ಕೈತಪ್ಪಬಹುದು. ಆ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು ಊಟದ ಮೂಲಕ ಬರುವ ಲಿಸ್ಟೀರಿಯಾ ಆಗಿರಬಹುದು. ಸೆಫೊಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎರಡೂ ಲಿಸ್ಟೀರಿಯಾವನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಬೇಕಾದದ್ದು ಆಂಪಿಸಿಲಿನ್.

ಇಂಥ ರೋಗಿಗಳನ್ನು ನೋಡಿಕೊಳ್ಳುವ ಕಿರಿಯ ವೈದ್ಯರು, ನರ್ಸ್‌ಗಳು, ಲ್ಯಾಬ್ ಸಿಬ್ಬಂದಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯವರೂ ಓದಬಹುದು. ಐದನೇ ಹೆಜ್ಜೆ ಮತ್ತು ಕೊನೆಯ ಹೆಜ್ಜೆ ಅವರಿಗೂ ಬೇಕಾದವು.

ಹೊಟ್ಟೆನೀರಿಗೆ ಸೋಂಕು ಬರುವುದು ಎಲ್ಲಿಂದ?

ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಯಾವಾಗಲೂ ಇರುತ್ತವೆ. ಸಿರೋಸಿಸ್ ಆದಾಗ ಕರುಳಿನ ಗೋಡೆ ಸಡಿಲವಾಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಗೋಡೆ ದಾಟಿ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್), ಅಲ್ಲಿಂದ ರಕ್ತಕ್ಕೆ ಸೇರುತ್ತವೆ. ಆರೋಗ್ಯವಾದ ಲಿವರ್ ಇಂಥವನ್ನು ಸೋಸಿ ಕೊಲ್ಲುತ್ತದೆ. ಸಿರೋಸಿಸ್‌ನಲ್ಲಿ ರಕ್ತ ಲಿವರಿನೊಳಗೆ ಹೋಗದೆ ಅಡ್ಡದಾರಿಯಲ್ಲಿ ಹರಿಯುತ್ತದೆ, ಹಾಗಾಗಿ ಸೋಸುವವರೇ ಇಲ್ಲ. ಹೊಟ್ಟೆನೀರಿನಲ್ಲಿ ಪ್ರೋಟೀನ್ ಕಡಿಮೆ, ಬ್ಯಾಕ್ಟೀರಿಯಾದ ಜೊತೆ ಹೋರಾಡುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳೂ ಕಡಿಮೆ. ಕರುಳು ತೂತಾಗದೆ, ಹೊಟ್ಟೆಯೊಳಗೆ ಬೇರೆ ಹುಣ್ಣಿಲ್ಲದೆ ತಾನಾಗಿಯೇ ಬರುವ ಈ ಸೋಂಕಿಗೆ ಸ್ಪಾಂಟೇನಿಯಸ್ ಬ್ಯಾಕ್ಟೀರಿಯಲ್ ಪೆರಿಟೊನೈಟಿಸ್ ಎನ್ನುತ್ತಾರೆ. ವಾರ್ಡಿನಲ್ಲಿ ಚಿಕ್ಕದಾಗಿ ಎಸ್‌ಬಿಪಿ. 1964ರಲ್ಲಿ ಹೆರಾಲ್ಡ್ ಕಾನ್ ಇದನ್ನು ವಿವರವಾಗಿ ದಾಖಲಿಸಿದರು.

ಹೆಚ್ಚಿನ ಸಲ ಸಿಗುವವರು ನಮಗೆ ಗೊತ್ತಿರುವವರೇ: ಇ. ಕೊಲೈ, ಕ್ಲೆಬ್ಸಿಯೆಲ್ಲಾ, ಸ್ಟ್ರೆಪ್ಟೊಕಾಕಸ್‌ಗಳು, ಎಂಟೆರೊಕಾಕಸ್. ನಾವು ಮೊದಲು ಕೊಡುವ ಔಷಧಿಯನ್ನು ಇವರಲ್ಲಿ ಬಹುಪಾಲಿನವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸುತ್ತೇವೆ. ಆದರೆ ರಕ್ತ ಸೋಸುವ ಕಾವಲು ಬಿದ್ದುಹೋದ ಮೇಲೆ ಕರುಳಿನಿಂದ ಮಾತ್ರವಲ್ಲ, ಬಾಯಿಯಿಂದ, ಶ್ವಾಸಕೋಶದಿಂದ, ಚರ್ಮದ ಗಾಯದಿಂದ, ಊಟದಿಂದ ಬಂದ ಯಾವ ಬ್ಯಾಕ್ಟೀರಿಯಾ ಬೇಕಾದರೂ ಹೊಟ್ಟೆನೀರಿನಲ್ಲಿ ಬೀಡುಬಿಡಬಹುದು. ಅಪರೂಪದ ಬ್ಯಾಕ್ಟೀರಿಯಾದ ಹೆಸರು ಗೊತ್ತಾದರೆ ಎರಡು ಲಾಭ. ಯಾವ ಔಷಧಿ ಬೇಕು ಎಂದು ತಿಳಿಯುತ್ತದೆ, ಅದು ಎಲ್ಲಿಂದ ಬಂತು ಎಂದೂ ತಿಳಿಯುತ್ತದೆ.

ಹೆಜ್ಜೆ 1: ನೀರು ತೆಗೆಯಿರಿ, ಬೇಗ ತೆಗೆಯಿರಿ

ಜಲೋದರ ಇರುವ ಸಿರೋಸಿಸ್ ರೋಗಿ ಯಾವ ಕಾರಣಕ್ಕೇ ತುರ್ತಾಗಿ ಆಸ್ಪತ್ರೆ ಸೇರಲಿ, ಪರೀಕ್ಷೆಗೆ ಹೊಟ್ಟೆನೀರು ತೆಗೆಯಬೇಕು. ಜ್ವರ ಇಲ್ಲ, ಹೊಟ್ಟೆನೋವಿಲ್ಲ ಎಂದು ಬಿಡಬೇಡಿ. ಎಷ್ಟೋ ರೋಗಿಗಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಕೆಲವರಲ್ಲಿ ಬರೀ ಮಂಪರು, ಕೆಲವರಲ್ಲಿ ಕ್ರಿಯಾಟಿನಿನ್ (ಕಿಡ್ನಿ ಕೆಲಸದ ಅಳತೆ) ಏರಿಕೆ, ಇನ್ನು ಕೆಲವರಲ್ಲಿ ಕಾಮಾಲೆ ಜಾಸ್ತಿಯಾಗಿರುವುದು, ಇಷ್ಟೇ ಸುಳಿವು.

ತಡ ಮಾಡಿದರೆ ಬೆಲೆ ತೆರಬೇಕಾಗುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೇರಿದ 12 ಗಂಟೆಯ ನಂತರ ನೀರು ತೆಗೆಸಿಕೊಂಡ ಎಸ್‌ಬಿಪಿ ರೋಗಿಗಳಿಗೆ ಆಸ್ಪತ್ರೆಯಲ್ಲೇ ಸಾಯುವ ಅಪಾಯ ಸುಮಾರು 2.7 ಪಟ್ಟು ಇತ್ತು.

"ಐಎನ್‌ಆರ್ ಜಾಸ್ತಿ ಇದೆ, ಪ್ಲೇಟ್‌ಲೆಟ್ ಕಡಿಮೆ ಇದೆ, ಸೂಜಿ ಹಾಕಿದರೆ ರಕ್ತ ಸುರಿಯುತ್ತೆ" ಎಂಬ ಹೆದರಿಕೆ ಎಲ್ಲ ಕಡೆ ಇದೆ. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ತೋರಿಸುವ ಈ ಅಂಕಿಗಳು ಸಿರೋಸಿಸ್‌ನಲ್ಲಿ ಕೆಟ್ಟಿರುವುದು ಮಾಮೂಲು. ಗಂಭೀರ ರಕ್ತಸ್ರಾವ ತೀರಾ ಅಪರೂಪ, ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಅದಕ್ಕಾಗಿ ಪ್ಲಾಸ್ಮಾ ತರಿಸಿಕೊಂಡು ಕಾಯುವುದು ಬೇಡ. ಸೂಜಿ ಹಾಕುವ ಜಾಗ: ಸೊಂಟದ ಮೂಳೆಯ ಮುಂದಿನ ತುದಿಯಿಂದ ಎರಡು ಬೆರಳು ಒಳಗೆ, ಎರಡು ಬೆರಳು ಮೇಲೆ, ಎಡಗಡೆ. ಅಲ್ಟ್ರಾಸೌಂಡ್ ಇದ್ದರೆ ನೋಡಿಕೊಂಡು ಹಾಕಿ.

ಮತ್ತೊಂದು ಮಾತು: ಆಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆ ನೀರು ತೆಗೆಯಿರಿ. ಒಂದೇ ಡೋಸ್ ಒಳಗೆ ಹೋದರೂ ಕಲ್ಚರ್ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬರಿದಾಗಬಹುದು.

ಹೆಜ್ಜೆ 2: ಹಾಸಿಗೆಯ ಪಕ್ಕದಲ್ಲೇ ಬಾಟಲಿಗೆ ತುಂಬಿಸಿ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ವಾರ್ಡಿನಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನು ಹೊಟ್ಟೆನೀರನ್ನು ಒಂದು ಸ್ಟೆರೈಲ್ ಡಬ್ಬಿಯಲ್ಲಿ ಹಾಕಿ ಲ್ಯಾಬಿಗೆ ಕಳಿಸುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ರಿಪೋರ್ಟ್ ಹೆಚ್ಚಾಗಿ ಒಂದೇ: "ಬೆಳವಣಿಗೆ ಇಲ್ಲ." ಕಣಗಳು ಸಾವಿರದಷ್ಟಿದ್ದರೂ ಬೆಳವಣಿಗೆ ಇಲ್ಲ. ಕಾರಣ ತುಂಬಾ ಸರಳ ಎಂದು ನನಗೆ ತಡವಾಗಿ ಗೊತ್ತಾಯಿತು. ಈ ಸೋಂಕಿನಲ್ಲಿ ಒಂದು ಮಿಲಿಲೀಟರ್ ನೀರಿಗೆ ಒಂದೇ ಒಂದು ಬ್ಯಾಕ್ಟೀರಿಯಾ ಇರುವಷ್ಟು ಸಾಂದ್ರತೆ ಕಡಿಮೆ ಇರಬಹುದು. ಲ್ಯಾಬಿನಲ್ಲಿ ಒಂದು ಹನಿ ತೆಗೆದು ತಟ್ಟೆಯ ಮೇಲೆ ಎಳೆದರೆ ಆ ಹನಿಯಲ್ಲಿ ಏನೂ ಇಲ್ಲದೆ ಹೋಗಬಹುದು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಮ್ ಸ್ಟೈನಿನಲ್ಲಿ ಕಾಣಬೇಕಾದರೆ ಮಿಲಿಲೀಟರಿಗೆ ಸುಮಾರು 10,000 ಇರಬೇಕು, ಹಾಗಾಗಿ ನೇರ ಸ್ಟೈನ್ ಹೆಚ್ಚಿನ ಸಲ ಖಾಲಿ.

ರಕ್ತದ ಕಲ್ಚರ್ ಬಾಟಲಿಗಳನ್ನೇ ಬಳಸಿ. ಮುಚ್ಚಳದ ರಬ್ಬರನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಲು ಬಿಡಿ. ನೀರು ತೆಗೆದ ಸೂಜಿಯನ್ನು ಬದಲಿಸಿ ಹೊಸ ಸೂಜಿ ಹಾಕಿ. ಆಮ್ಲಜನಕ ಇರುವ ಬಾಟಲಿಗೆ 10 ಮಿಲಿಲೀಟರ್, ಇಲ್ಲದ ಬಾಟಲಿಗೆ 10 ಮಿಲಿಲೀಟರ್. ಇದೆಲ್ಲ ರೋಗಿಯ ಹಾಸಿಗೆ ಪಕ್ಕದಲ್ಲೇ, ಅದೇ ಗಳಿಗೆಯಲ್ಲಿ ಆಗಬೇಕು. ಲ್ಯಾಬಿಗೆ ಹೋದ ಮೇಲೆ ಹಾಕಿದರೆ ಲಾಭ ಕಡಿಮೆ. ಹಳೇ ಪದ್ಧತಿಯಲ್ಲಿ ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಬ್ಯಾಕ್ಟೀರಿಯಾ ಸಿಗುತ್ತಿದ್ದರೆ, ಹೀಗೆ ಮಾಡಿದಾಗ ಸುಮಾರು 80 ಪ್ರತಿಶತದವರೆಗೂ ಸಿಕ್ಕಿದ್ದು 1980ರ ದಶಕದ ಅಧ್ಯಯನಗಳಲ್ಲೇ ಕಂಡಿತ್ತು.

ಕಣಗಳ ಎಣಿಕೆಗೆ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬ್, ಪ್ರೋಟೀನ್ ಮತ್ತು ಆಲ್ಬುಮಿನ್‌ಗೆ ಬೇರೆ ಟ್ಯೂಬ್. ಜೊತೆಗೆ ರಕ್ತದ ಕಲ್ಚರ್ ಕೂಡ ಕಳಿಸಿ. ಎಷ್ಟೋ ಸಲ ಹೊಟ್ಟೆನೀರಿನಲ್ಲಿ ಸಿಗದ ಹೆಸರು ರಕ್ತದಲ್ಲಿ ಸಿಗುತ್ತದೆ.

ಹೆಜ್ಜೆ 3: ಕಣಗಳ ಲೆಕ್ಕ ಓದುವುದು

ಒಂದು ಘನ ಮಿಲಿಮೀಟರಿಗೆ ನ್ಯೂಟ್ರೋಫಿಲ್ 250 ಅಥವಾ ಜಾಸ್ತಿ ಇದ್ದರೆ ಸೋಂಕು ಎಂದೇ ತಿಳಿದು ಚಿಕಿತ್ಸೆ ಶುರು ಮಾಡಿ. ಕಲ್ಚರ್ ಬರಲಿ, ಬರದಿರಲಿ. ನೀರಿನಲ್ಲಿ ರಕ್ತ ಬೆರೆತಿದ್ದರೆ ಪ್ರತಿ 250 ಕೆಂಪು ಕಣಕ್ಕೆ ಒಂದು ನ್ಯೂಟ್ರೋಫಿಲ್ ಕಳೆಯಿರಿ.

ಕಣ 250ಕ್ಕಿಂತ ಕಡಿಮೆ, ಆದರೆ ಬ್ಯಾಕ್ಟೀರಿಯಾ ಬೆಳೆದಿದೆ ಎಂದರೆ ಅದು ಬ್ಯಾಕ್ಟೆರಾಸೈಟಿಸ್. ಜ್ವರ, ನೋವು ಇದ್ದರೆ ಚಿಕಿತ್ಸೆ ಕೊಡಿ. ಏನೂ ಇಲ್ಲದಿದ್ದರೆ ಮತ್ತೆ ನೀರು ತೆಗೆದು ನೋಡಿ. ಅಪರೂಪದ ಹೆಸರು ಬಂದಾಗ ಇದು ಚರ್ಮದ ಕೊಳೆಯೋ ನಿಜವಾದ ಸೋಂಕೋ ಎಂಬ ಅನುಮಾನ ಬರುತ್ತದಲ್ವಾ? ಉತ್ತರ ಇರುವುದು ಕಣಗಳ ಲೆಕ್ಕದಲ್ಲೇ. ಕಣ ಏರಿದ್ದು, ಎರಡು ಬಾಟಲಿಯಲ್ಲೂ ಅದೇ ಬೆಳೆದಿದ್ದರೆ, ಅಥವಾ ರಕ್ತದಲ್ಲೂ ಅದೇ ಇದ್ದರೆ, ಅದನ್ನು ಕೊಳೆ ಎಂದು ತಳ್ಳಿಹಾಕಬೇಡಿ.

ಒಂದಕ್ಕಿಂತ ಹೆಚ್ಚು ಜಾತಿಯ ಬ್ಯಾಕ್ಟೀರಿಯಾ, ಅದರಲ್ಲೂ ಆಮ್ಲಜನಕ ಬೇಡದವು ಬೆಳೆದರೆ ಕರುಳು ತೂತಾಗಿರುವ ಅನುಮಾನ ಮೊದಲು ಬರಬೇಕು. ಹೊಟ್ಟೆನೀರಿನ ಪ್ರೋಟೀನ್ ಡೆಸಿಲೀಟರಿಗೆ 1 ಗ್ರಾಂ ಮೀರಿರುವುದು, ಗ್ಲುಕೋಸ್ 50 ಮಿಲಿಗ್ರಾಂಗಿಂತ ಕೆಳಗೆ ಬಿದ್ದಿರುವುದು, ಎಲ್‌ಡಿಎಚ್ ಎಂಬ ಕಿಣ್ವ ರಕ್ತದ ಮೇಲ್ಮಿತಿಗಿಂತ ಜಾಸ್ತಿ ಇರುವುದು: ಇವುಗಳಲ್ಲಿ ಎರಡು ಕೂಡಿ ಬಂದರೆ ತಕ್ಷಣ ಸಿಟಿ ಸ್ಕ್ಯಾನ್, ಸರ್ಜನ್‌ಗೆ ಕರೆ. ಕಣಗಳು ಹೆಚ್ಚಿದ್ದರೂ ಬಹುಪಾಲು ಲಿಂಫೋಸೈಟ್ ಆಗಿದ್ದರೆ ಕ್ಷಯವನ್ನು ಹುಡುಕಿ. ಕ್ಷಯದಲ್ಲಿ ನೇರ ಸ್ಮಿಯರ್ ಹೆಚ್ಚಾಗಿ ಏನನ್ನೂ ತೋರಿಸುವುದಿಲ್ಲ, ಎಡಿಎ ಎಂಬ ಕಿಣ್ವದ ಪರೀಕ್ಷೆ ನೆರವಾಗುತ್ತದೆ.

ಹೆಜ್ಜೆ 4: ಹೆಸರಿಗಾಗಿ ಕಾಯದೆ ಚಿಕಿತ್ಸೆ

ಮನೆಯಿಂದ ನೇರವಾಗಿ ಬಂದ ರೋಗಿಗೆ ಮೂರನೇ ಪೀಳಿಗೆಯ ಸೆಫಲೋಸ್ಪೋರಿನ್ (ಸೆಫೊಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್‌ನಂಥವು). ಆಸ್ಪತ್ರೆಯಲ್ಲಿದ್ದಾಗಲೇ ಸೋಂಕಾದವರಿಗೆ, ಇತ್ತೀಚೆಗೆ ಆಂಟಿಬಯೋಟಿಕ್ ತೆಗೆದುಕೊಂಡವರಿಗೆ ನಿಮ್ಮ ಆಸ್ಪತ್ರೆಯ ನಿರೋಧಕತೆಯ ಲೆಕ್ಕ ನೋಡಿ ಇನ್ನೂ ವಿಶಾಲವಾದದ್ದು. ಜೆಂಟಾಮೈಸಿನ್ ಜಾತಿಯ ಔಷಧಿಗಳನ್ನು ಆದಷ್ಟು ದೂರ ಇಡಿ, ಈ ರೋಗಿಗಳ ಕಿಡ್ನಿ ತಡೆಯುವುದಿಲ್ಲ.

ಆಲ್ಬುಮಿನ್ ಮರೆಯಬೇಡಿ. ಮೊದಲ ದಿನ ಪ್ರತಿ ಕಿಲೋ ತೂಕಕ್ಕೆ 1.5 ಗ್ರಾಂ, ಮೂರನೇ ದಿನ 1 ಗ್ರಾಂ. 1999ರ 126 ರೋಗಿಗಳ ಅಧ್ಯಯನದಲ್ಲಿ ಇದರಿಂದ ಕಿಡ್ನಿ ಕೆಡುವುದು 33ರಿಂದ 10 ಪ್ರತಿಶತಕ್ಕೆ, ಆಸ್ಪತ್ರೆಯಲ್ಲಿ ಸಾವು 29ರಿಂದ 10 ಪ್ರತಿಶತಕ್ಕೆ ಇಳಿಯಿತು.

ಹೆಜ್ಜೆ 5: ಕೂತು ಕೇಳಿ

ಔಷಧಿ ಹತ್ತಿಸಿ ಆಯಿತು. ಈಗ ಕುರ್ಚಿ ಎಳೆದುಕೊಂಡು ರೋಗಿಯ ಹತ್ತಿರ, ಅವರಿಗೆ ಮಂಪರಿದ್ದರೆ ಮನೆಯವರ ಹತ್ತಿರ ಹತ್ತು ನಿಮಿಷ ಕೂರಿ. ಅಪರೂಪದ ಬ್ಯಾಕ್ಟೀರಿಯಾಗಳ ಬಹುಪಾಲು ಸುಳಿವು ಇಲ್ಲೇ ಸಿಗುತ್ತದೆ. ಆದರೆ ಸುಮ್ನೆ "ಏನಾದರೂ ವಿಶೇಷ ಇತ್ತಾ?" ಎಂದು ಕೇಳಿದರೆ "ಇಲ್ಲ ಡಾಕ್ಟ್ರೇ" ಎಂದೇ ಹೇಳುತ್ತಾರೆ. ಒಂದೊಂದಾಗಿ ಕೇಳಬೇಕು.

"ಕಾಯಿಸದ ಹಾಲು ಕುಡಿದ್ರಾ? ಮೆತ್ತನೆಯ ಚೀಸ್ ತಿಂದ್ರಾ? ಫ್ರಿಜ್‌ನಲ್ಲಿ ಬಹಳ ದಿನ ಇಟ್ಟಿದ್ದನ್ನ ಬಿಸಿ ಮಾಡದೇ ತಿಂದ್ರಾ?" ಲಿಸ್ಟೀರಿಯಾ ಫ್ರಿಜ್‌ನ 4 ಡಿಗ್ರಿಯಲ್ಲೂ ಬೆಳೆಯುತ್ತದೆ. ಕಾಯಿಸದ ಹಾಲು, ದನ ಕುರಿ ಆಡುಗಳ ಒಡನಾಟ ಎಂದರೆ ಬ್ರುಸೆಲ್ಲಾ ಕೂಡ ನೆನಪಾಗಬೇಕು.

"ಹಸಿ ಮೀನು, ಸರಿಯಾಗಿ ಬೇಯದ ಚಿಪ್ಪುಮೀನು ತಿಂದ್ರಾ? ಕಾಲಲ್ಲಿ ಗಾಯ ಇದ್ದಾಗ ಸಮುದ್ರದ ನೀರಿಗೆ ಇಳಿದ್ರಾ?" ಹೌದು ಎಂದರೆ ವಿಬ್ರಿಯೊ, ಶೆವನೆಲ್ಲಾ. ಕೆರೆ, ಹೊಳೆಯ ನೀರು, ಸಿಹಿನೀರಿನ ಮೀನು, ಜೊತೆಗೆ ಭೇದಿ ಎಂದರೆ ಏರೊಮೊನಾಸ್ ಅಥವಾ ಪ್ಲೆಸಿಯೊಮೊನಾಸ್.

"ಮನೆಯಲ್ಲಿ ಬೆಕ್ಕು, ನಾಯಿ ಇದೆಯಾ? ಕಚ್ಚಿದೆಯಾ, ಪರಚಿದೆಯಾ?" ಕಚ್ಚಿರಲೇಬೇಕು ಎಂದೇನಿಲ್ಲ. ಚರ್ಮದ ಮೇಲಿನ ಸಣ್ಣ ಗಾಯವನ್ನು ಬೆಕ್ಕು ನೆಕ್ಕಿದ್ದರೂ ಸಾಕು, ಪಾಸ್ಟುರೆಲ್ಲಾ ಒಳಗೆ ಬರಬಹುದು. "ಕಚ್ಚಿಲ್ಲ" ಎಂದ ಕೂಡಲೇ ಮುಂದಿನ ಪ್ರಶ್ನೆಗೆ ಹಾರಬೇಡಿ.

ಇತ್ತೀಚೆಗೆ ಎಂಡೋಸ್ಕೋಪಿ ಆಗಿದೆಯೇ, ಹಲ್ಲು ಕೀಳಿಸಿದ್ದಾರೆಯೇ, ಗಂಟಲು ನೋವು ನ್ಯುಮೋನಿಯಾ ಇತ್ತೇ ಎಂದೂ ಕೇಳಿ. ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳು, ನ್ಯುಮೊಕಾಕಸ್, ಹೀಮೊಫಿಲಸ್ ಬರುವುದು ಈ ದಾರಿಯಿಂದ. ಮೈಯಲ್ಲಿ ಕಬ್ಬಿಣ ಜಾಸ್ತಿಯಾಗುವ ಹೀಮೊಕ್ರೊಮಟೋಸಿಸ್ ಇದೆಯೇ? ಯೆರ್ಸಿನಿಯಾ, ವಿಬ್ರಿಯೊ ವಲ್ನಿಫಿಕಸ್ ಎರಡಕ್ಕೂ ಕಬ್ಬಿಣ ಎಂದರೆ ಹಬ್ಬದೂಟ. ಪ್ರೋಬಯಾಟಿಕ್ ಪುಡಿ, ಆಸಿಡಿಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನೂ ಬರೆದುಕೊಳ್ಳಿ.

ಹೆಜ್ಜೆ 6: ಲ್ಯಾಬಿನವರ ಜೊತೆ ಮಾತಾಡಿ

ಕೇಳಿದ್ದನ್ನೆಲ್ಲ ಕೇಸ್ ಶೀಟಿನಲ್ಲಿ ಬರೆದಿಟ್ಟರೆ ಲ್ಯಾಬಿಗೆ ಗೊತ್ತಾಗುವುದಿಲ್ಲ. ಫೋನ್ ಮಾಡಿ ಹೇಳಿ. "ಸಿರೋಸಿಸ್, ಹೊಟ್ಟೆನೀರು, ಮನೆಯಲ್ಲಿ ಬೆಕ್ಕಿದೆ" ಎಂಬ ಒಂದು ಸಾಲು ಸೂಕ್ಷ್ಮಜೀವಿ ತಜ್ಞರ ಒಂದು ದಿನ ಉಳಿಸುತ್ತದೆ.

ಲ್ಯಾಬಿನಲ್ಲಿ ಒಂದು ಅಗ್ಗದ, ಹಳೆಯ ಪರೀಕ್ಷೆ ಇದೆ: ಆಕ್ಸಿಡೇಸ್. ಇ. ಕೊಲೈ, ಕ್ಲೆಬ್ಸಿಯೆಲ್ಲಾ ಇದರಲ್ಲಿ ನೆಗೆಟಿವ್. ಗ್ರಾಮ್ ನೆಗೆಟಿವ್ ಕಡ್ಡಿ ಬೆಳೆದು ಆಕ್ಸಿಡೇಸ್ ಪಾಸಿಟಿವ್ ಬಂತು ಎಂದರೆ ಕಿವಿ ನಿಮಿರಬೇಕು. ವಿಬ್ರಿಯೊ, ಏರೊಮೊನಾಸ್, ಪ್ಲೆಸಿಯೊಮೊನಾಸ್, ಪಾಸ್ಟುರೆಲ್ಲಾ, ಸ್ಯೂಡೊಮೊನಾಸ್ ಎಲ್ಲವೂ ಈ ಗುಂಪಿನವು. ಅವುಗಳಲ್ಲಿ ಪಾಸ್ಟುರೆಲ್ಲಾ ರಕ್ತದ ಅಗಾರ್‌ನಲ್ಲಿ ಬೆಳೆಯುತ್ತದೆ, ಮೆಕಾಂಕಿ ಎಂಬ ಇನ್ನೊಂದು ಬಗೆಯ ಕಲ್ಚರ್ ತಟ್ಟೆಯಲ್ಲಿ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಬಾಗಿದ, ಹಕ್ಕಿಯ ರೆಕ್ಕೆಯಂಥ ಆಕಾರದ ಕಡ್ಡಿಗಳು ಕ್ಯಾಂಪೈಲೊಬ್ಯಾಕ್ಟರ್ ಇರಬಹುದು. ಅದಕ್ಕೆ ಆಮ್ಲಜನಕ ಕಡಿಮೆ ಇರುವ ವಾತಾವರಣ ಬೇಕು, ಬೆಳೆಯುವುದೂ ನಿಧಾನ. ಕೇಳದಿದ್ದರೆ ತಟ್ಟೆಯಲ್ಲಿ ಏನೂ ಕಾಣದೆ ಹೋಗಬಹುದು. ತೀರಾ ಸಣ್ಣ ಗ್ರಾಮ್ ನೆಗೆಟಿವ್ ಚುಕ್ಕೆ ಕಡ್ಡಿಗಳು, ನಿಧಾನ ಬೆಳವಣಿಗೆ ಎಂದರೆ ಬ್ರುಸೆಲ್ಲಾ. ಇದನ್ನು ಲ್ಯಾಬಿಗೆ ಮೊದಲೇ ಹೇಳುವುದು ನಮ್ಮ ಕರ್ತವ್ಯ, ಯಾಕೆಂದರೆ ಗಾಳಿಯ ಮೂಲಕ ಅದು ಲ್ಯಾಬ್ ಸಿಬ್ಬಂದಿಗೇ ತಗಲುತ್ತದೆ.

ಬೆಳೆದ ಬ್ಯಾಕ್ಟೀರಿಯಾವನ್ನು ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಇದ್ದಲ್ಲಿ ಹೆಸರು ನಿಮಿಷಗಳಲ್ಲಿ ಸಿಗುತ್ತದೆ. ಇಲ್ಲದ ಕಡೆ ಹಳೇ ಪರೀಕ್ಷೆಗಳು ಏರೊಮೊನಾಸ್ ಮತ್ತು ವಿಬ್ರಿಯೊಗಳನ್ನು ಅದಲುಬದಲು ಮಾಡುವುದುಂಟು. ರೋಗಿಯ ಕಥೆಗೂ ಹೆಸರಿಗೂ ಹೊಂದದಿದ್ದರೆ ಇನ್ನೊಮ್ಮೆ ನೋಡಿ ಎಂದು ಕೇಳಲು ಹಿಂಜರಿಯಬೇಡಿ.

ಹೆಜ್ಜೆ 7: ಹೆಸರು ಸಿಕ್ಕ ಮೇಲೆ

ಮೊದಲು ಸೆಫಲೋಸ್ಪೋರಿನ್ ಕೆಲಸ ಮಾಡದ ಗುಂಪು. ಲಿಸ್ಟೀರಿಯಾಗೆ ಆಂಪಿಸಿಲಿನ್, ಪೆನಿಸಿಲಿನ್ ಅಲರ್ಜಿ ಇದ್ದರೆ ಕೋಟ್ರೈಮಾಕ್ಸಜೋಲ್. ಮಂಪರಿದ್ದರೆ ಎಲ್ಲವನ್ನೂ ಲಿವರ್ ತಲೆಗೆ ಕಟ್ಟಬೇಡಿ, ಲಿಸ್ಟೀರಿಯಾ ಮೆದುಳಿನ ಪೊರೆಗೂ ಹೋಗುತ್ತದೆ. ಎಂಟೆರೊಕಾಕಸ್ ಕೂಡ ಸೆಫಲೋಸ್ಪೋರಿನ್‌ಗೆ ಬಗ್ಗುವುದಿಲ್ಲ. ಅದರಲ್ಲೇ ಗ್ಯಾಲಿನಾರಮ್, ಕ್ಯಾಸೆಲಿಫ್ಲೇವಸ್ ಎಂಬ ಎರಡು ಜಾತಿಗಳಿಗೆ ವ್ಯಾಂಕೊಮೈಸಿನ್ ಕೂಡ ನೆಚ್ಚಿಕೊಳ್ಳುವಂತಿಲ್ಲ. ಲ್ಯೂಕೊನೊಸ್ಟಾಕ್ ಮತ್ತು ಬಹಳಷ್ಟು ಲ್ಯಾಕ್ಟೊಬ್ಯಾಸಿಲಸ್‌ಗಳೂ ವ್ಯಾಂಕೊಮೈಸಿನ್‌ಗೆ ಹುಟ್ಟಾ ನಿರೋಧಕ. ಕ್ಯಾಂಪೈಲೊಬ್ಯಾಕ್ಟರ್ ಜೆಜುನೈಗೆ ಅಜಿತ್ರೊಮೈಸಿನ್‌ನಂಥವು, ಅದೇ ಕುಲದ ಕ್ಯಾಂಪೈಲೊಬ್ಯಾಕ್ಟರ್ ಫೀಟಸ್‌ನ ತೀವ್ರ ಸೋಂಕಿಗೆ ಕಾರ್ಬಪೆನೆಮ್. ಸ್ಟೆನೊಟ್ರೊಫೊಮೊನಾಸ್ ಬಂದರೆ ಲೆಕ್ಕ ತಿರುಗಾಮುರುಗಾ: ಕಾರ್ಬಪೆನೆಮ್ ಕೆಲಸ ಮಾಡುವುದಿಲ್ಲ, ಕೋಟ್ರೈಮಾಕ್ಸಜೋಲ್ ಬೇಕು.

ವಿಬ್ರಿಯೊ ವಲ್ನಿಫಿಕಸ್ ವಿಷಯದಲ್ಲಿ ಒಂದು ಗಂಟೆಯೂ ಅಮೂಲ್ಯ. ಲಿವರ್ ಕಾಯಿಲೆ ಇದ್ದವರ ರಕ್ತಕ್ಕೆ ಇದು ನುಗ್ಗಿದರೆ ಅರ್ಧದಷ್ಟು ಜನ ಉಳಿಯುವುದಿಲ್ಲ. ಕಾಲಿನಲ್ಲಿ ರಕ್ತ ತುಂಬಿದ ಬೊಕ್ಕೆ, ರಕ್ತದೊತ್ತಡ ಕುಸಿತ, ಸಮುದ್ರದ ಹಸಿ ಆಹಾರ ಈ ಮೂರೂ ಸೇರಿದರೆ ಕಲ್ಚರ್‌ಗೆ ಕಾಯದೆ ಮೂರನೇ ಪೀಳಿಗೆಯ ಸೆಫಲೋಸ್ಪೋರಿನ್ ಜೊತೆ ಡಾಕ್ಸಿಸೈಕ್ಲಿನ್ ಸೇರಿಸಿ. ಕಾಲಿನ ಅಂಗಾಂಶ ಕೊಳೆಯುತ್ತಿದ್ದರೆ ಸರ್ಜನ್ ಬೇಕು. ಕಾಲರಾ ರೋಗವನ್ನು ಉಂಟುಮಾಡದ ವಿಬ್ರಿಯೊ ಕಾಲರೆ ತಳಿಗಳೂ ಹೊಟ್ಟೆನೀರಿನಲ್ಲಿ ಸಿಗುತ್ತವೆ. ಹೆಸರು ನೋಡಿ ಗಾಬರಿ ಬೇಡ, ಊರಿಗೆಲ್ಲ ಹರಡುವ ಕಾಲರಾ ಅದಲ್ಲ.

ಏರೊಮೊನಾಸ್‌ಗೆ ಆಂಪಿಸಿಲಿನ್ ನಡೆಯುವುದಿಲ್ಲ. ಉಳಿದ ಔಷಧಿಗಳಿಗೆ ಸೂಕ್ಷ್ಮತಾ ಪರೀಕ್ಷೆ (ಯಾವ ಔಷಧಿಗೆ ಬಗ್ಗುತ್ತದೆ ಎಂಬ ಪರೀಕ್ಷೆ) ನೋಡಿಯೇ ಮುಂದುವರಿಯಿರಿ, ಚಿಕಿತ್ಸೆಯ ನಡುವೆಯೇ ನಿರೋಧಕತೆ ಬೆಳೆಸಿಕೊಳ್ಳುವ ಗುಣ ಇದಕ್ಕಿದೆ. ಪಾಸ್ಟುರೆಲ್ಲಾ ಮಾತ್ರ ಪೆನಿಸಿಲಿನ್‌ಗೂ ಬಗ್ಗುತ್ತದೆ. ಬ್ರುಸೆಲ್ಲಾಗೆ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧಿ ಸೇರಿಸಿ ಕನಿಷ್ಠ ಆರು ವಾರ. ಅಲ್ಲಿ ರಿಫಾಂಪಿಸಿನ್ ಲಿವರ್ ಕೆಡಿಸಬಹುದು, ಸ್ಟ್ರೆಪ್ಟೊಮೈಸಿನ್ ಕಿಡ್ನಿ ಕೆಡಿಸಬಹುದು, ಹಾಗಾಗಿ ತಜ್ಞರ ಜೊತೆ ಕೂತು ಆರಿಸಿ.

ಕೆಲವು ಹೆಸರುಗಳು ಔಷಧಿಗಿಂತ ಆಚೆಗೂ ಕೈ ತೋರಿಸುತ್ತವೆ. ಹಿಂದೆ ಬೋವಿಸ್ ಎನ್ನುತ್ತಿದ್ದ ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ ಬಂದರೆ ರೋಗಿ ಚೇತರಿಸಿದ ಮೇಲೆ ಕೊಲೊನೊಸ್ಕೋಪಿ ಮಾಡಿಸಿ. ಅದಕ್ಕೂ ದೊಡ್ಡಕರುಳಿನ ಕ್ಯಾನ್ಸರ್‌ಗೂ ನಂಟಿದೆ, ಹೃದಯದ ಕವಾಟವನ್ನೂ ನೋಡಬೇಕು. ಮೆನಿಂಗೊಕಾಕಸ್ ಬಂದರೆ ಮನೆಯವರಿಗೂ ತಡೆ ಔಷಧಿ ಬೇಕು.

ಹೆಜ್ಜೆ 8: 48 ಗಂಟೆಗೆ ಮತ್ತೆ ನೀರು ತೆಗೆಯಿರಿ

ನ್ಯೂಟ್ರೋಫಿಲ್ ಎಣಿಕೆ ಮೊದಲಿಗಿಂತ ಕಾಲುಭಾಗವಾದರೂ ಇಳಿದಿರಬೇಕು. ಇಳಿದಿಲ್ಲ ಎಂದರೆ ಮೂರು ಕಾರಣ ಇರಬಹುದು: ನಿರೋಧಕ ತಳಿ, ಔಷಧಿಯ ವ್ಯಾಪ್ತಿಗೆ ಬಾರದ ಅಪರೂಪದ ಬ್ಯಾಕ್ಟೀರಿಯಾ, ಅಥವಾ ಕರುಳಿನ ತೂತು. ಮೂರನ್ನೂ ಒಟ್ಟಿಗೆ ಹುಡುಕಿ. "ಸ್ವಲ್ಪ ಸುಧಾರಿಸಿದಂಗಿದಾರೆ" ಎಂಬ ಅನಿಸಿಕೆಯ ಮೇಲೆ ಹೀಗೆ ಎರಡನೇ ಸಲ ನೀರು ತೆಗೆಯುವುದನ್ನು ಬಿಟ್ಟುಬಿಡುವವರು ಬಹಳ. ಕಲ್ಚರ್‌ನಲ್ಲಿ ಏನೂ ಬೆಳೆಯದ ರೋಗಿಯಲ್ಲಂತೂ ಚಿಕಿತ್ಸೆ ಸರಿಹೋಗುತ್ತಿದೆಯೇ ಎಂದು ಹೇಳುವ ಗಟ್ಟಿ ಸಾಕ್ಷಿ ಇದೊಂದೇ.

ಸಾಮಾನ್ಯ ಎಸ್‌ಬಿಪಿಗೆ 5ರಿಂದ 7 ದಿನದ ಚಿಕಿತ್ಸೆ ಸಾಕು. ಅಪರೂಪದವಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ. ರಕ್ತಕ್ಕೆ ಹಬ್ಬಿದೆಯೇ, ಮೆದುಳು, ಕವಾಟ, ಮೂಳೆ ಸೇರಿದೆಯೇ ಎಂಬುದು ಅವಧಿಯನ್ನು ನಿರ್ಧರಿಸುತ್ತದೆ.

ಹೆಜ್ಜೆ 9: ಮನೆಗೆ ಕಳಿಸುವಾಗ

ಒಮ್ಮೆ ಬಂದ ಎಸ್‌ಬಿಪಿ ಮತ್ತೆ ಬರುತ್ತದೆ. 1990ರ ಅಧ್ಯಯನದಲ್ಲಿ ತಡೆ ಔಷಧಿ ಇಲ್ಲದವರಲ್ಲಿ ಒಂದು ವರ್ಷದೊಳಗೆ ಮರುಕಳಿಸುವ ಸಾಧ್ಯತೆ 68 ಪ್ರತಿಶತ, ದಿನಕ್ಕೆ 400 ಮಿಲಿಗ್ರಾಂ ನಾರ್‌ಫ್ಲಾಕ್ಸಸಿನ್ ತೆಗೆದುಕೊಂಡವರಲ್ಲಿ 20 ಪ್ರತಿಶತ ಇತ್ತು. ತಡೆ ಔಷಧಿ ಬೇಕೇ ಬೇಕು. ಆದರೆ ಅದನ್ನು ತೆಗೆದುಕೊಳ್ಳುತ್ತಿದ್ದಾಗಲೇ ಸೋಂಕು ಬಂದರೆ ಗ್ರಾಮ್ ಪಾಸಿಟಿವ್‌ಗಳು, ನಿರೋಧಕ ತಳಿಗಳು ಬಂದಿರುವ ಸಾಧ್ಯತೆ ಜಾಸ್ತಿ. ಆಸಿಡಿಟಿ ಮಾತ್ರೆ ನಿಜವಾಗಿ ಬೇಕಾ ಎಂದು ಪರಿಶೀಲಿಸಿ, ಬೇಡವಾದರೆ ನಿಲ್ಲಿಸಿ. ನ್ಯುಮೊಕಾಕಸ್ ಲಸಿಕೆ ಬಾಕಿ ಇದ್ದರೆ ಹಾಕಿಸಿ. ಲಿವರ್ ಕಸಿಗೆ ರೋಗಿ ಅರ್ಹರೇ ಎಂಬ ಮಾತನ್ನೂ ಈಗಲೇ ಎತ್ತಿ.

ಮನೆಯವರಿಗೆ ಹೇಳುವಾಗ ಕಾರಣ ಸಮೇತ ಹೇಳಿ, ಕಾರಣ ಗೊತ್ತಿದ್ದರೆ ಪಾಲಿಸುತ್ತಾರೆ. ಹಾಲು ಕಾಯಿಸಿಯೇ ಕುಡಿಯಬೇಕು. ಮೀನು, ಚಿಪ್ಪುಮೀನು, ಮಾಂಸ ಪೂರ್ತಿ ಬೇಯಬೇಕು. ಹಸಿ ಸಮುದ್ರ ಆಹಾರ ಮುಟ್ಟಲೇಬಾರದು. ಕಾಲಿನಲ್ಲಿ ಗಾಯ ಇದ್ದಾಗ ಸಮುದ್ರ, ಕೆರೆ, ಹೊಳೆಗೆ ಇಳಿಯಬಾರದು. ಬೆಕ್ಕು ನಾಯಿಯನ್ನು ಮನೆಯಿಂದ ಓಡಿಸಬೇಕಾಗಿಲ್ಲ, ಗಾಯ ಮುಚ್ಚಿಡಿ, ನೆಕ್ಕಲು ಬಿಡಬೇಡಿ, ಕಚ್ಚಿದರೆ ಅದೇ ದಿನ ಬನ್ನಿ. ಜ್ವರ, ಹೊಟ್ಟೆನೋವು, ಭೇದಿ, ಮೂತ್ರ ಕಡಿಮೆಯಾಗುವುದು, ಹಗಲು ನಿದ್ದೆ ಹೆಚ್ಚಾಗಿ ಮಾತು ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ಹಿಂದಿನ ಸಲ ಬೆಳೆದ ಬ್ಯಾಕ್ಟೀರಿಯಾದ ಹೆಸರು, ಕೆಲಸ ಮಾಡಿದ ಔಷಧಿ, ಮಾಡದ ಔಷಧಿ ಮೂರನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಡಿ. ರಾತ್ರಿ ಎರಡು ಗಂಟೆಗೆ ಬೇರೆ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಮೊದಲು ತೆರೆದು ನೋಡುವುದು ಆ ಚೀಟಿಯನ್ನೇ.